ನ್ಯೂಮಾರ್ಕೆಟ್ಟಿನ ವಸಂತದ ಓಟ ಮತ್ತು 1683ರ ಒಳಸಂಚು

ಇಂಗ್ಲೆಂಡಿನ ಎರಡನೆಯ ಚಾರ್ಲ್ಸನನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಲ್ಲುದು ಮುಂಬಯಿಯ ಪ್ರಸಂಗದಿಂದ. ವಿವಾಹದ ಬಳುವಳಿಯಾಗಿ ಪೋರ್ಚುಗೀಸರಿಂದ ಬಂದ ಆ ದ್ವೀಪವನ್ನು ಆತನು 1668ರಲ್ಲಿ ವರ್ಷಕ್ಕೆ 10 ಪೌಂಡುಗಳ ಗೇಣಿಗೆ ಈಸ್ಟ್ ಇಂಡಿಯಾ ಕಂಪೆನಿಗೆ ಒಪ್ಪಿಸಿದನು. ರಾಜ್ಯಕಾರ್ಯದಲ್ಲಿ ಹೀಗೆ ಉದಾಸೀನನಂತೆ ತೋರುವ ಈ ದೊರೆ ಕುದುರೆಗಳ ವಿಷಯದಲ್ಲಿ ಮಾತ್ರ ಎಂದೂ ಉದಾಸೀನನಾಗಿರಲಿಲ್ಲ.

ಲಂಡನ್ನಿಗೆ ಈಶಾನ್ಯದಲ್ಲಿ ಸುಮಾರು 60 ಮೈಲಿ ದೂರದ ನ್ಯೂಮಾರ್ಕೆಟ್ಟಿನ ಬಯಲನ್ನು ಮೆಚ್ಚಿ ಅಲ್ಲಿ ಬೀಡುಬಿಡುತ್ತಿದ್ದವನು ಈತನ ತಾತ ಮೊದಲನೆಯ ಜೇಮ್ಸ್. 1654ರಲ್ಲಿ ಕ್ರಾಮ್‌ವೆಲ್ಲನ ಸರ್ಕಾರವು ಓಟಗಳನ್ನು ಕೆಲಕಾಲ ನಿಷೇಧಿಸಿತು. ಜನಸಂದಣಿಯ ಮರೆಯಲ್ಲಿ ಅರಸನ ಪಕ್ಷದವರು ಸೇರಿಯಾರೆಂಬ ಭಯವೇ ಅದಕ್ಕೆ ಮುಖ್ಯ ಕಾರಣ. ಚಾರ್ಲ್ಸನು ಪಟ್ಟವೇರಿದ ಮೇಲೆ, 1666ರಿಂದ ಮೊದಲುಗೊಂಡು, ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಆಸ್ಥಾನವೇ ಅಲ್ಲಿಗೆ ಸಾಗುತ್ತಿತ್ತು. ಆತನು ಮಂಟಪದಲ್ಲಿ ಕುಳಿತು ನೋಡಿ ತೃಪ್ತಿಪಡುವವನಲ್ಲ. 1669ರ ವಸಂತದಲ್ಲಿ ಟಸ್ಕನಿಯ ರಾಜಕುಮಾರ ಕೊಸಿಮೊ ಅಲ್ಲಿಗೆ ಬಂದಾಗ, ದೊರೆಯು ತಾನೂ ಕುದುರೆಯೇರಿ ಓಟದ ಕುದುರೆಗಳ ಪಕ್ಕದಲ್ಲಿಯೇ ಧಾವಿಸುತ್ತ ಪಂದ್ಯವನ್ನು ನೋಡಿದನು. 1671ರಲ್ಲಿ ತಾನೇ ಸ್ಥಾಪಿಸಿದ ಟೌನ್ ಪ್ಲೇಟ್ ಪಂದ್ಯದಲ್ಲಿ ಸ್ವತಃ ಸವಾರಿಮಾಡಿ ಗೆದ್ದನು. ಎದುರಾಳಿಗಳು ಎಷ್ಟು ಮನಸ್ಸಿಟ್ಟು ಓಡಿಸಿದರೋ ನಾವು ಹೇಳಲಾರೆವು! ಆತನ ಅಚ್ಚುಮೆಚ್ಚಿನ ಗಂಡುಕುದುರೆ ರೋಲಿಯ ಹೆಸರು ಆತನಿಗೇ ಅಡ್ಡಹೆಸರಾಯಿತು. 1809ರಿಂದ ವಸಂತದಲ್ಲಿ ನಡೆದುಬಂದಿರುವ 'ಎರಡು ಸಾವಿರ ಗಿನಿ' ಪಂದ್ಯದ ಓಟದ ದಾರಿಗೆ ಇಂದಿಗೂ 'ರೋಲಿ ಮೈಲಿ' ಎಂದೇ ಹೆಸರು.

ಇಂಥ ನಿಯತವಾದ ಪ್ರಯಾಣ ಶತ್ರುಗಳಿಗೂ ತಿಳಿದಿರುವುದು ಸಹಜ. ಕ್ಯಾಥೊಲಿಕ್ ಮತವನ್ನು ಹಿಡಿದ ತಮ್ಮ ಜೇಮ್ಸನಿಗೆ ಪಟ್ಟ ಸಲ್ಲಬಾರದೆಂದು ವಿಗ್ ಪಕ್ಷದವರು 1679ರಿಂದ 1681ರವರೆಗೆ ಪಾರ್ಲಿಮೆಂಟಿನಲ್ಲಿ ಹೋರಾಡಿ ಸೋತಿದ್ದರು. ಅವರಲ್ಲಿ ಕೆಲವರು ಬೇರೆ ದಾರಿಯನ್ನು ಯೋಚಿಸಿದರು. ನ್ಯೂಮಾರ್ಕೆಟ್ಟಿನಿಂದ ಲಂಡನ್ನಿಗೆ ಬರುವ ದಾರಿಯಲ್ಲಿ, ಹರ್ಟ್‌ಫರ್ಡ್‌ಷೈರಿನ ಹಾಡ್ಸ್‌ಡನ್ನಿನ ಬಳಿ, ರೈ ಹೌಸ್ ಎಂಬ ಭದ್ರವಾದ ಮನೆಯಿತ್ತು. ಅದು ಕ್ರಾಮ್‌ವೆಲ್ಲನ ಸೈನ್ಯದಲ್ಲಿದ್ದ ರಿಚರ್ಡ್ ರಂಬೋಲ್ಡನ ವಶದಲ್ಲಿತ್ತು. ರಸ್ತೆಯು ಅಲ್ಲಿ ಇಕ್ಕಟ್ಟು. ಓಟಗಳನ್ನು ಮುಗಿಸಿ ಮರಳುವ ಅಣ್ಣತಮ್ಮಂದಿರಿಬ್ಬರನ್ನೂ ಅಲ್ಲಿಯೇ ಕೊಲ್ಲುವುದೆಂದು ಆಲೋಚನೆ ನಡೆಯಿತು.

1683ರ ಮಾರ್ಚ್ 22ರ ರಾತ್ರಿ ನ್ಯೂಮಾರ್ಕೆಟ್ಟಿಗೆ ಬೆಂಕಿ ಬಿದ್ದು ಊರಿನ ಅರ್ಧಭಾಗ ಸುಟ್ಟುಹೋಯಿತು. ಓಟಗಳು ನಿಂತುವು. ದೊರೆಯು ನಿಶ್ಚಿತ ದಿನಕ್ಕಿಂತ ಮೊದಲೇ ಲಂಡನ್ನಿಗೆ ಹೊರಟುಬಂದನು. ರೈ ಹೌಸಿನಲ್ಲಿ ಯಾರೂ ಸಿದ್ಧರಿರಲಿಲ್ಲ.

ಜೂನ್ ತಿಂಗಳಲ್ಲಿ ಒಬ್ಬನು ಸುಳಿವು ಕೊಟ್ಟನು. ಆ ಮೇಲೆ ನಡೆದುದೇ ವಿಚಾರಾರ್ಹವಾದ ಭಾಗ. ಕೊಲೆಯ ಮಾತುಕತೆ ಕೆಲವರಲ್ಲಿ ನಡೆದದ್ದು ನಿಜವೆಂದು ನಾವು ಒಪ್ಪುತ್ತೇವೆ. ಆದರೆ ವಿಗ್ ನಾಯಕರಾದ ಲಾರ್ಡ್ ವಿಲಿಯಂ ರಸೆಲ್ ಮತ್ತು ಆಲ್ಜರ್ನನ್ ಸಿಡ್ನಿ ಅದರಲ್ಲಿ ಕೂಡಿದ್ದರೆಂಬುದಕ್ಕೆ ತೋರಿಸಿದ ಸಾಕ್ಷ್ಯ ಬಹಳ ದುರ್ಬಲ. ರಸೆಲ್ಲನ ಶಿರಚ್ಛೇದ ಜುಲೈ 21ರಂದು ನಡೆಯಿತು. ರಾಜದ್ರೋಹಕ್ಕೆ ಇಬ್ಬರು ಸಾಕ್ಷಿಗಳು ಬೇಕೆಂದು ಶಾಸನವಿದ್ದರೂ ಸಿಡ್ನಿಯ ವಿಚಾರಣೆಯಲ್ಲಿ ಸಂಚಿನ ಬಗ್ಗೆ ನೇರವಾಗಿ ನುಡಿದವನು ಒಬ್ಬನೇ. ಎರಡನೆಯ ಸಾಕ್ಷಿಯ ಸ್ಥಾನಕ್ಕೆ ಆತನ ಮೇಜಿನ ಮೇಲಿದ್ದ, ಇನ್ನೂ ಅಚ್ಚಾಗದ ಹಸ್ತಪ್ರತಿಯನ್ನು ನ್ಯಾಯಾಧೀಶ ಜೆಫ್ರೀಸನು ಹಿಡಿದನು. ಬರೆಯುವುದೆಂದರೆ ಮಾಡಿದಂತೆಯೇ ಎಂಬುದು ಆತನ ವಾದ. ಡಿಸೆಂಬರ್ 7ರಂದು ಸಿಡ್ನಿಯ ತಲೆಯೂ ಉರುಳಿತು. ಬಯಲಿನ ಓಟವೊಂದು ಅರ್ಧಕ್ಕೆ ನಿಂತುದರಿಂದ ಉಳಿದ ದೊರೆಯ ಪ್ರಾಣಕ್ಕೆ ಇಷ್ಟು ಬೆಲೆ ತೆರಬೇಕಾಗಿತ್ತೇ ಎಂದು ಕೇಳದಿರಲು ನಮ್ಮಿಂದಾಗದು.

ಚಾರ್ಲ್ಸನು 1685ರ ಫೆಬ್ರವರಿ 6ರಂದು ತೀರಿಕೊಂಡನು. ಆ ವರ್ಷದ ವಸಂತಕೂಟಕ್ಕೆ ಇನ್ನೂ ಕೆಲವು ವಾರಗಳಿದ್ದುವು. ರಸೆಲ್, ಸಿಡ್ನಿ ಇಬ್ಬರ ಮೇಲಿನ ತೀರ್ಪುಗಳನ್ನೂ 1689ರಲ್ಲಿ ಪಾರ್ಲಿಮೆಂಟು ರದ್ದುಪಡಿಸಿತು. ಸಿಡ್ನಿಯ ಹಸ್ತಪ್ರತಿ 1698ರಲ್ಲಿ ಅಚ್ಚಾಯಿತು.