ಕಾಮ್‌ಫ್ರಿ

ಕಾಮ್‌ಫ್ರಿ ಎಂಬುದು ಯೂರೋಪಿನ ನದೀತೀರಗಳಲ್ಲಿಯೂ ತೇವ ತುಂಬಿದ ಹುಲ್ಲುಗಾವಲುಗಳಲ್ಲಿಯೂ ತಾನಾಗಿ ಬೆಳೆಯುವ ಬಹುವಾರ್ಷಿಕ ಮೂಲಿಕೆ. ಸಸ್ಯಶಾಸ್ತ್ರಜ್ಞರು ಇದನ್ನು ಬೊರಾಜಿನೇಸೀ ಕುಟುಂಬದ ಸಿಂಫೈಟಮ್ ಜಾತಿಯಲ್ಲಿ ಸೇರಿಸಿದ್ದಾರೆ. ಮೂರು ನಾಲ್ಕು ಅಡಿ ಎತ್ತರಕ್ಕೆ ಏರುವ ಕಾಂಡವೂ, ಬುಡದಲ್ಲಿ ಗುಂಪಾಗಿ ಹೊಮ್ಮಿ ಒಂದಡಿಗೂ ಮೀರಿ ನೀಳವಾಗುವ ಎಲೆಗಳೂ ಬಿರುಸಾದ ರೋಮಗಳಿಂದ ಆವೃತವಾಗಿರುವುದರಿಂದ, ಬರಿಗೈಯಲ್ಲಿ ಕೊಯ್ಯುವವನ ಚರ್ಮ ಕೆಂಪೇರಿ ನವೆಯಾಗುವುದುಂಟು. ಹೂಗೊಂಚಲು ಚೇಳಿನ ಬಾಲದಂತೆ ಸುರುಳಿಗೊಂಡಿದ್ದು ಅರಳುತ್ತ ಅರಳುತ್ತ ಬಿಚ್ಚಿಕೊಳ್ಳುತ್ತದೆ. ನಮ್ಮ ಪಾಳುನೆಲಗಳಲ್ಲಿ ಕಾಣುವ ಚೇಳುಬಾಲದ ಗಿಡವೂ ಇದೇ ಕುಟುಂಬದ್ದಾದುದರಿಂದ ಈ ಲಕ್ಷಣ ಕನ್ನಡ ನಾಡಿನವರಿಗೆ ಅಪರಿಚಿತವಲ್ಲ. ಕೆನೆಬಿಳುಪು, ನಸುಗೆಂಪು, ಊದಾ ಬಣ್ಣಗಳ ಹೂಗಳು ಸಣ್ಣ ಗಂಟೆಗಳಂತೆ ತಲೆತಗ್ಗಿಸಿ ತೂಗುತ್ತವೆ. ನಳಿಕೆಯ ಆಳದಲ್ಲಿರುವ ಮಕರಂದ ನಾಲಗೆ ಗಿಡ್ಡವಾದ ದುಂಬಿಗಳಿಗೆ ನೇರವಾಗಿ ಎಟುಕದ ಕಾರಣ, ಅವು ಹೂವಿನ ಬುಡವನ್ನೇ ಕಚ್ಚಿ ರಂಧ್ರಮಾಡಿ ಹೀರುತ್ತವೆ. ಹೊರಗೆ ಕಪ್ಪಾಗಿ, ಒಳಗೆ ಬಿಳುಪಾಗಿ, ಲೋಳೆಯಿಂದ ಕೂಡಿದ ಬೇರು ಹಲವು ಅಡಿ ಆಳಕ್ಕಿಳಿಯುತ್ತದೆ.

ಸಿಂಫೈಟಮ್ ಎಂಬ ಹೆಸರಿನ ಮೂಲವಾದ ಗ್ರೀಕ್ ಪದಕ್ಕೆ ಕೂಡಿಕೊಂಡು ಬೆಳೆ ಎಂದು ಅರ್ಥ. ಮುರಿದ ಎಲುಬಿಗೂ ಉಳುಕಿದ ಕೀಲಿಗೂ ಇದರ ಬೇರನ್ನು ಅರೆದು ಕಟ್ಟುವ ಪದ್ಧತಿ ಪ್ರಾಚೀನ ಕಾಲದಿಂದ ನಡೆದುಬಂದು, 17ನೆಯ ಶತಮಾನದಲ್ಲಿ ಇಂಗ್ಲಿಷ್ ಮೂಲಿಕಾವೈದ್ಯ ನಿಕೊಲಸ್ ಕಲ್ಪೆಪರನ ಗ್ರಂಥದಲ್ಲಿಯೂ ಸ್ಥಾನ ಪಡೆಯಿತು. ಹಳ್ಳಿಗರು ಇದಕ್ಕೆ ಎಲುಬು ಹೆಣೆಯುವ ಗಿಡವೆಂದೇ ಹೆಸರಿಟ್ಟರು. ನಮ್ಮ ಮಂಗರವಳ್ಳಿಗೆ ಸಂಸ್ಕೃತದಲ್ಲಿ ಅಸ್ಥಿಶೃಂಖಲಾ ಎಂಬ ಹೆಸರಿರುವುದನ್ನು ನೆನೆದರೆ, ಪರಸ್ಪರ ಸಂಬಂಧವಿಲ್ಲದ ಎರಡು ಸಸ್ಯಗಳಲ್ಲಿ ಎರಡು ಜನಾಂಗಗಳು ಒಂದೇ ಗುಣವನ್ನು ಅರಸಿದುದು ಕಂಡು ವಿಸ್ಮಯವಾಗುತ್ತದೆ. ಜೀವಕೋಶಗಳ ವೃದ್ಧಿಗೆ ನೆರವಾಗುವ ಅಲಂಟಾಯಿನ್ ಎಂಬ ವಸ್ತು ಕಾಮ್‌ಫ್ರಿಯಲ್ಲಿ ಇರುವುದೂ ನಿಜವೇ.

ತೋಟಗಾರರು ಇಂದು ಬೆಳೆಸುವುದು ಬಹುಮಟ್ಟಿಗೆ ಈ ಹಳೆಯ ಔಷಧಿಯ ಗಿಡವನ್ನಲ್ಲ. ಅದಕ್ಕೂ ಕಾಕಸಸ್ ಪ್ರದೇಶದ ಒರಟು ಕಾಮ್‌ಫ್ರಿಗೂ ಹುಟ್ಟಿದ, ರಷ್ಯನ್ ಕಾಮ್‌ಫ್ರಿ ಎಂದು ಪ್ರಸಿದ್ಧವಾದ ಸಂಕರವನ್ನು. ಎಸೆಕ್ಸ್ ಪ್ರಾಂತದ ಕಾಗ್‌ಶಲ್ ಎಂಬ ಊರಿನಲ್ಲಿದ್ದ ಹೆನ್ರಿ ಡಬಲ್‌ಡೇ (1810-1902) ಕ್ವೇಕರ್ ಪಂಥದವನು. ಅಂಚೆಚೀಟಿಗಳಿಗೆ ಬೇಕಾದ ಅಂಟನ್ನು ಕಾಮ್‌ಫ್ರಿಯ ಲೋಳೆಯಿಂದ ತೆಗೆಯಬಹುದೆಂಬ ಆಸೆಯಿಂದ ಆತನು 1870ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಿಂದ ಸಸಿಗಳನ್ನು ತರಿಸಿದನು. ಅಂಟು ಕೈಗೂಡಲಿಲ್ಲ, ಆದರೆ ಕೊಯ್ದಷ್ಟೂ ಮತ್ತೆ ಮತ್ತೆ ಚಿಗುರುವ ಅದರ ಶಕ್ತಿಗೆ ಮರುಳಾಗಿ, ಜಾನುವಾರುಗಳ ಮೇವಾಗಿಯೂ ಮನುಷ್ಯರ ಆಹಾರವಾಗಿಯೂ ಅದು ಲೋಕಕ್ಕೆ ಉಪಕರಿಸೀತೆಂಬ ನಂಬಿಕೆಯಲ್ಲಿ ತನ್ನ ಉಳಿದ ಆಯುಷ್ಯದ ಬಹುಭಾಗವನ್ನು ಅದಕ್ಕೇ ಸವೆಸಿದನು.

ಆತನ ಪ್ರಯತ್ನವನ್ನು ಮರೆವಿನಿಂದ ಎತ್ತಿ ತಂದವನು ಲಾರೆನ್ಸ್ ಹಿಲ್ಸ್ (1911-1990). 1953ರಲ್ಲಿ ರಷ್ಯನ್ ಕಾಮ್‌ಫ್ರಿಯನ್ನೇ ಕುರಿತು ಗ್ರಂಥವೊಂದನ್ನು ಪ್ರಕಟಿಸಿದ ಈತನು, ಎಸೆಕ್ಸಿನ ಬಾಕಿಂಗ್ ಗ್ರಾಮದಲ್ಲಿ ಸ್ವಲ್ಪ ನೆಲವನ್ನು ಗೇಣಿಗೆ ಹಿಡಿದು, ಡಬಲ್‌ಡೇಯ ಹೆಸರಿನಲ್ಲಿಯೇ ಸಂಶೋಧನ ಸಂಘವೊಂದನ್ನು ಕಟ್ಟಿ, ಊರೂರುಗಳಿಂದ ಬಂದ ಗಿಡಗಳನ್ನು ಹೋಲಿಸಿ, ಬೇರ್ಪಡಿಸಿ, ಪ್ರತಿಯೊಂದು ತಳಿಗೂ ಗ್ರಾಮದ ಹೆಸರಿನೊಡನೆ ಒಂದೊಂದು ಸಂಖ್ಯೆಯನ್ನು ಕೊಟ್ಟನು. ಮೇವಿಗೆ ಬಾಕಿಂಗ್ 4, ಗೊಬ್ಬರಕ್ಕೆ ಬಾಕಿಂಗ್ 14 ಹೆಸರಾದುವು. 1985ರಲ್ಲಿ ಕಾವೆಂಟ್ರಿ ನಗರದ ಬಳಿಯ ರೈಟನ್‌ಗೆ ಸ್ಥಳಾಂತರವಾದ ಆ ಸಂಘವೇ ಇಂದಿನ ಗಾರ್ಡನ್ ಆರ್ಗಾನಿಕ್. ಹಿಲ್ಸನ ಹಂಬಲವೂ ಗೊಬ್ಬರದಲ್ಲಿ ನಿಂತಿರಲಿಲ್ಲ. ಎಲೆಯಲ್ಲಿ ಪ್ರೋಟೀನು ಸಮೃದ್ಧವಾಗಿರುವುದನ್ನು ಕಂಡು, ಹಸಿದ ಜಗತ್ತಿಗೆ ಇದು ಅನ್ನವಾಗಬಲ್ಲದೆಂದು ಅವನೂ ಆಶಿಸಿದ್ದನು.

ಆ ಆಸೆಗೆ ಅಡ್ಡಬಂದುದು ಸಸ್ಯದೊಳಗೇ ಅಡಗಿದ್ದ ವಿಷ. ಪೈರೋಲಿಜಿಡೀನ್ ಎಂಬ ವರ್ಗದ ಆಲ್ಕಲಾಯ್ಡುಗಳು ಕಾಮ್‌ಫ್ರಿಯ ಎಲೆಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಬೇರಿನಲ್ಲಿಯೂ ಇದ್ದು, ಸೇವಿಸಿದವರ ಯಕೃತ್ತಿಗೆ ಹಾನಿಮಾಡುತ್ತವೆಂದು ಸ್ಪಷ್ಟವಾದ ಮೇಲೆ, 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊಟ್ಟೆಗೆ ಸೇವಿಸುವ ಕಾಮ್‌ಫ್ರಿಯ ಸಿದ್ಧವಸ್ತುಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯುವಂತೆ ತಯಾರಕರಿಗೆ ಸೂಚಿಸಿತು. ಎಲೆಯನ್ನು ಪಲ್ಯಮಾಡುವುದೂ ಕಷಾಯ ಕುಡಿಯುವುದೂ ಸರ್ವಥಾ ತ್ಯಾಜ್ಯ. ಹೀಗೆ ಅಂಟು, ಅನ್ನ, ಔಷಧಿ ಎಂದು ಮನುಷ್ಯನು ಇದರ ಮೇಲೆ ಹೊರಿಸಿದ ನಿರೀಕ್ಷೆಗಳು ಒಂದೊಂದಾಗಿ ಕಳಚಿಬಿದ್ದು, ಮಣ್ಣಿಗೆ ಆಹಾರವಾಗುವ ಗುಣವೊಂದು ಮಾತ್ರ ಪರೀಕ್ಷೆಯಲ್ಲಿ ಗೆದ್ದು ನಿಂತಿತು.

ಆ ಗುಣದ ಕಾರಣ ಎಲೆಯ ರಚನೆಯಲ್ಲಿದೆ. ನಾರಿನ ಅಂಶ ಕಡಮೆ. ಇಂಗಾಲಕ್ಕೂ ಸಾರಜನಕಕ್ಕೂ ಇರುವ ಪ್ರಮಾಣ ಹತ್ತಕ್ಕೆ ಒಂದರ ಆಸುಪಾಸು. ಒಣಹುಲ್ಲನ್ನು ಮಣ್ಣಿಗೆ ಸೇರಿಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಾತ್ಕಾಲಿಕವಾಗಿ ಹಿಡಿದಿಟ್ಟು ಬೆಳೆಯನ್ನು ಸೊರಗಿಸುತ್ತವೆ. ಕಾಮ್‌ಫ್ರಿಯಲ್ಲಿ ಆ ಭಯವಿಲ್ಲ, ಕೆಲವೇ ದಿನಗಳಲ್ಲಿ ಅದು ಕರಗಿ ಕಪ್ಪು ಲೋಳೆಯಾಗಿ ಸತ್ತ್ವವನ್ನು ಬಿಟ್ಟುಕೊಡುತ್ತದೆ. ಬಾಡಿದ ಎಲೆಯಲ್ಲಿ ಪೊಟ್ಯಾಷ್ ಕೊಟ್ಟಿಗೆ ಗೊಬ್ಬರದಲ್ಲಿರುವುದಕ್ಕಿಂತ ಎರಡು ಮೂರು ಪಾಲು ಅಧಿಕ. ಆದಕಾರಣ ಹಣ್ಣು ಕಾಯಿಗಳ ಗಿಡಗಳಿಗೂ ಗಡ್ಡೆಯ ಬೆಳೆಗಳಿಗೂ ಇದು ವಿಶೇಷವಾಗಿ ಹಿತ. ಅಡಕೆ ಮರದ ಬುಡಕ್ಕೆ ಬೆಟ್ಟದ ಸೊಪ್ಪನ್ನು ಹೊತ್ತು ತರುವ ಮಲೆನಾಡಿನವರಿಗೂ, ಗದ್ದೆಗೆ ಹೊಂಗೆಸೊಪ್ಪನ್ನು ತುಳಿಸುವ ಬಯಲುಸೀಮೆಯವರಿಗೂ ಈ ತತ್ತ್ವ ಹೊಸದಲ್ಲ. ಆದರೆ ಒಂದು ಭೇದವುಂಟು: ಹೊಂಗೆಯೂ ಗೊಬ್ಬರದ ಗಿಡವೂ ದ್ವಿದಳ ಕುಲದವಾಗಿ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಗಳಿಸಬಲ್ಲವು, ಕಾಮ್‌ಫ್ರಿಗೆ ಆ ಸಾಮರ್ಥ್ಯವಿಲ್ಲ. ನೆಲದಲ್ಲಿ ಇದ್ದುದನ್ನು ಅದು ಎತ್ತಿ ಕೊಡುತ್ತದೆಯೇ ಹೊರತು ಇಲ್ಲದುದನ್ನು ಸೃಷ್ಟಿಸಲಾರದು. ಉಪವಾಸ ಕೆಡವಿ ವರ್ಷವರ್ಷವೂ ಕೊಯ್ಯುತ್ತ ಹೋದರೆ ಅದರ ಪಾತಿಯೇ ಬಡವಾಗುತ್ತದೆ. ಇದನ್ನು ಅಕ್ಷಯಪಾತ್ರೆಯೆಂದು ಹೊಗಳುವವರು ಈ ಮಾತನ್ನು ಮರೆಯುತ್ತಾರೆ. ಸೆಗಣಿ, ಕೋಳಿಗೊಬ್ಬರ, ನೀರು ಬೆರೆಸಿದ ಮೂತ್ರ ಮುಂತಾದುವನ್ನು ಬುಡಕ್ಕೆ ಧಾರಾಳವಾಗಿ ಹಾಕಿದವನಿಗೇ ಅದು ಧಾರಾಳವಾಗಿ ಹಿಂದಿರುಗಿಸುತ್ತದೆ. ಹಸಿಸೆಗಣಿಯ ಉಗ್ರತೆಯನ್ನೂ ಸಹಿಸಿಕೊಳ್ಳುವ ಗಿಡಗಳು ತೋಟದಲ್ಲಿ ಹೆಚ್ಚಿಲ್ಲ, ಇದು ಅವುಗಳಲ್ಲೊಂದು.

ಬಳಸುವ ಕ್ರಮಗಳಲ್ಲಿ ಅತ್ಯಂತ ಸುಲಭವಾದುದು, ಕೊಯ್ದ ಸೊಪ್ಪನ್ನು ಒಂದೆರಡು ದಿನ ಬಾಡಿಸಿ ಆಲೂಗಡ್ಡೆ ಬಿತ್ತುವ ಸಾಲಿನಲ್ಲಿ ಹಾಸುವುದು, ಇಲ್ಲವೆ ಟೊಮೇಟೊ ಮತ್ತು ಕರಂಟ್ ಗಿಡಗಳ ಬುಡಕ್ಕೆ ಹೊದಿಸುವುದು. ದ್ರವಗೊಬ್ಬರಕ್ಕೆ ಒಂದು ಕಿಲೋ ಸೊಪ್ಪನ್ನು 15 ಲೀಟರ್ ನೀರಿನಲ್ಲಿ ಮುಳುಗಿಸಿ, ಮುಚ್ಚಿ, ನಾಲ್ಕರಿಂದ ಆರು ವಾರ ಕೊಳೆಯಿಸುತ್ತಾರೆ. ಗಾಳಿಯಿಲ್ಲದೆ ಪ್ರೋಟೀನು ವಿಘಟಿಸುವುದರಿಂದ ಅದರ ದುರ್ವಾಸನೆ ತೀವ್ರವಾದುದು, ಮನೆಯ ಸಮೀಪದಲ್ಲಿ ಇಡತಕ್ಕದ್ದಲ್ಲ. ಇದಕ್ಕಿಂತ ಉತ್ತಮವಾದ ಕ್ರಮವೆಂದರೆ, ತಳದಲ್ಲಿ ತೂತಿರುವ ಪಾತ್ರೆಯಲ್ಲಿ ನೀರಿಲ್ಲದೆಯೇ ಸೊಪ್ಪನ್ನು ಒತ್ತಿ ತುಂಬಿ, ಮೇಲೆ ಇಟ್ಟಿಗೆಯ ಭಾರವಿಟ್ಟು, ಕೆಳಗೆ ತೊಟ್ಟಿಕ್ಕುವ ಕಪ್ಪು ರಸವನ್ನು ಹಿಡಿದಿಟ್ಟುಕೊಳ್ಳುವುದು. ಇದರಲ್ಲಿ ವಾಸನೆಯೂ ಕಡಮೆ, ಜಾಗವೂ ಕಡಮೆ. ಈ ರಸಕ್ಕೆ ಹತ್ತರಿಂದ ಇಪ್ಪತ್ತು ಪಾಲು ನೀರು ಬೆರೆಸಿ, ಕಾಯಿಕಚ್ಚತೊಡಗಿದ ಟೊಮೇಟೊ ಗಿಡಗಳಿಗೆ ವಾರಕ್ಕೊಮ್ಮೆ ಹಾಕುವರು. ಒಣಗಿದ ವಸ್ತುಗಳೇ ತುಂಬಿ ಕೊಳೆಯದೆ ಕುಳಿತ ತಿಪ್ಪೆಯ ಪದರಗಳ ನಡುವೆ ಇದನ್ನು ತೆಳುವಾಗಿ ಹರಡಿದರೆ ತಿಪ್ಪೆ ಬಿಸಿಯೇರಿ ಬೇಗ ಮಾಗುತ್ತದೆ.

ಬಾಕಿಂಗ್ 14 ತಳಿ ಬೀಜ ಕಟ್ಟುವುದಿಲ್ಲ. ಬೀಜದಿಂದ ಹರಡಿ ಕಳೆಯಾಗುವ ಭೀತಿಯಿಲ್ಲವೆಂಬುದೇ ತೋಟಗಾರನಿಗೆ ಅದರ ದೊಡ್ಡ ಗುಣ. ಎರಡು ಮೂರು ಅಂಗುಲದ ಬೇರಿನ ತುಂಡುಗಳನ್ನು ವಸಂತಕಾಲದಲ್ಲಿ, ಎರಡರಿಂದ ಮೂರು ಅಡಿಗೊಂದರಂತೆ, ಆಳವಾದ ತೇವದ ಮಣ್ಣಿನಲ್ಲಿ ಹೂಳಬೇಕು. ಮೊದಲ ವರ್ಷ ಹೂದಂಟುಗಳನ್ನು ಚಿವುಟಿ ಬೇರೂರಲು ಬಿಟ್ಟು, ಎರಡನೆಯ ವರ್ಷದಿಂದ ಗಿಡ ಎರಡಡಿ ಏರಿದಾಗಲೆಲ್ಲ ನೆಲದಿಂದ ಎರಡಂಗುಲ ಮೇಲಕ್ಕೆ ಕುಡುಗೋಲಿನಿಂದ ಕೊಯ್ಯಬಹುದು. ಇಂಗ್ಲೆಂಡಿನ ಹವೆಯಲ್ಲಿ ಇಂಥ ಮೂರು ನಾಲ್ಕು ಕೊಯ್ಲುಗಳು ಸಿಕ್ಕುತ್ತವೆ. ಸೆಪ್ಟೆಂಬರ್ ಕಳೆದ ಮೇಲೆ ಕೊಯ್ಯದೆ, ಚಳಿಗಾಲಕ್ಕೆ ಬೇಕಾದ ಸತ್ತ್ವವನ್ನು ಬೇರು ಸಂಗ್ರಹಿಸಿಕೊಳ್ಳಲು ಅವಕಾಶ ಕೊಡುವುದು ರೂಢಿ. ಒಮ್ಮೆ ನೆಲೆಗೊಂಡ ಗಿಡ ಎರಡು ದಶಕಗಳ ಕಾಲ ಬಾಳಬಲ್ಲದು. ಅಗೆದು ತೆಗೆಯಹೊರಟರೆ ಗುದ್ದಲಿಗೆ ಸಿಕ್ಕಿ ತುಂಡಾದ ಬೇರಿನ ಪ್ರತಿಯೊಂದು ಚೂರೂ ಹೊಸ ಗಿಡವಾಗಿ ತಲೆಯೆತ್ತುವುದರಿಂದ, ತರಕಾರಿಯ ಪಾತಿಗಳ ನಡುವೆ ಇದಕ್ಕೆ ಎಡೆಗೊಡದೆ, ಎಂದಿಗೂ ಅಗೆಯಬೇಕಾಗಿ ಬಾರದ ಬೇಲಿಯಂಚನ್ನು, ಸಾಧ್ಯವಿದ್ದರೆ ತಿಪ್ಪೆಯ ಪಕ್ಕದ ಮೂಲೆಯನ್ನೇ ಇದಕ್ಕಾಗಿ ಆರಿಸಿಕೊಳ್ಳುವರು. ಅಲ್ಲಿ ತಿಪ್ಪೆಯಿಂದ ಜಿನುಗಿದ ರಸ ಇದರ ಬೇರಿಗೆ ದಕ್ಕುತ್ತದೆ, ಕೊಯ್ದ ಸೊಪ್ಪು ನಾಲ್ಕು ಹೆಜ್ಜೆಯಲ್ಲಿ ತಿಪ್ಪೆಯನ್ನು ಸೇರುತ್ತದೆ.