1901ಕ್ಕೆ ವಾಪಸ್ ಹೋಗೋ ಗಡಿಯಾರ

ಭಾಗ 1
ಫ್ರೆಂಡ್ಸ್, 2038ರ ಜನವರಿ 19, ಮಂಗಳವಾರ, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಹೊನ್ನಾಳಿ ಕಡೆಯಿಂದ ದಾವಣಗೆರೆ ಬಸ್ಸಿಗೆ ಓಡೋ ಹೊತ್ತು. ಮುಂದಿನ ಸೆಕೆಂಡಿಗೆ ಕೆಲವು ಹಳೇ ಕಂಪ್ಯೂಟರುಗಳು ಸೀದಾ 1901ರ ಡಿಸೆಂಬರಿಗೆ ಹೋಗಿ ನಿಲ್ತವೆ. (ಆಗ ನಮ್ಮ ಐಎಸ್‌ಟಿನೇ ಇರಲಿಲ್ಲ, ಅದು ಬಂದಿದ್ದು 1906ರಲ್ಲಿ 😄)

ಯುನಿಕ್ಸ್ ವಂಶದ ಸಿಸ್ಟಮ್‌ಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸ್ತಾ ಇರ್ತವೆ. ಆ ಎಣಿಕೆಗೆ ಕೊಟ್ಟಿದ್ದ ಜಾಗ 32 ಬಿಟ್. ಅದರಲ್ಲಿ ಹಿಡಿಯೋ ದೊಡ್ಡ ಸಂಖ್ಯೆ 2,14,74,83,647. ಅದು ತುಂಬಿದ್ರೆ ಮೈನಸ್ಸಿಗೆ ಹೊರಳುತ್ತೆ.

ಭಾಗ 2
64 ಬಿಟ್ ಮಾಡಿದ್ರೆ ಆಯ್ತಲ್ಲ ಅಂತೀರಾ? ಕರ್ನಲ್ ಜೊತೆ ಮಾತಾಡೋ ಹಳೇ ಪ್ರೋಗ್ರಾಂಗಳೆಲ್ಲ 32 ಬಿಟ್ ಅಂತಲೇ ನಂಬಿಕೊಂಡಿವೆ. ಅಳತೆ ಬದಲಿಸಿದ್ರೆ ಅವು ತಪ್ಪು ಓದ್ತವೆ. ಓಡ್ತಿರೋ ಪ್ರೋಗ್ರಾಂ ಮುರಿಯಬಾರದು ಅನ್ನೋದು ಲಿನಕ್ಸ್‌ನ ಕಟ್ಟುನಿಟ್ಟಿನ ನಿಯಮ.

ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. 1997ರಲ್ಲಿ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ದಾವಣಗೆರೆ ಜಿಲ್ಲೆಗೆ ಬಂದವು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯ್ತು. ಹಾಗಂತ ಅಜ್ಜನ ಕ್ರಯಪತ್ರದಲ್ಲಿ ‘ಶಿವಮೊಗ್ಗ ಜಿಲ್ಲೆ’ ಅಂತಿದ್ರೆ ಅದೇನು ರದ್ದಾಗಲ್ಲ.

ಲಿನಕ್ಸ್‌ನವರೂ ಹಾಗೇ ಮಾಡಿದ್ರು. ಹಳೇ ಬಾಗಿಲು ಮುಚ್ಚದೆ ಪಕ್ಕದಲ್ಲಿ ‘ಕ್ಲಾಕ್ ಗೆಟ್‌ಟೈಮ್ 64’ ಥರದ ಹೊಸ ಬಾಗಿಲುಗಳನ್ನು ಇಟ್ಟರು. ಆರ್ನ್ಡ್ ಬರ್ಗ್‌ಮನ್ ವರ್ಷಗಟ್ಟಲೆ ಈ ಕೆಲಸ ಮುನ್ನಡೆಸಿದ್ರು. ಫೈಲುಗಳ ಮೇಲಿನ ಸಮಯದ ಮುದ್ರೆಯನ್ನು 64 ಬಿಟ್‌ಗೆ ತಂದ ಪ್ಯಾಚ್‌ಗಳು ದೀಪಾ ದಿನಮಣಿ ಅವರವು, 2018ರಲ್ಲಿ ಸೇರಿದವು. ಹೊಸ ಬಾಗಿಲುಗಳು 2019ರ 5.1ರಲ್ಲಿ ಬಂದವು, 2020ರ ಮಾರ್ಚಿನ 5.6ಕ್ಕೆ ಕರ್ನಲ್ ಸಿದ್ಧ.

ಭಾಗ 3
ನನಗೆ ಇಷ್ಟವಾಗೋದು ರಿವ್ಯೂ ಮಾಡಿದವರ ಕಣ್ಣು. 32 ಬಿಟ್ ಪ್ರೋಗ್ರಾಂ ಹೊಸ ಅಳತೆಯಲ್ಲಿ ಸಮಯ ಕಳಿಸುವಾಗ ನ್ಯಾನೋಸೆಕೆಂಡಿನ ಪಕ್ಕ 4 ಬೈಟ್ ಖಾಲಿ ಉಳಿಯುತ್ತೆ. ಅಲ್ಲಿ ಕಸ ಇದ್ರೆ? ಕರ್ನಲ್ ಅದನ್ನು ಅಂಕಿ ಅಂತ ಓದಿಬಿಟ್ರೆ? ಕಸವನ್ನು ಅಳಿಸಿಯೇ ಒಳಗೆ ತಗೋಬೇಕು. ಇಂಥದ್ದನ್ನು ಸಾಲು ಸಾಲಾಗಿ ನೋಡ್ಬೇಕು.

ಇಷ್ಟು ಹುಷಾರು ಸುಮ್ನೆ ಅಲ್ಲ. 2012ರ ಜುಲೈ 1ರ ಬೆಳಗ್ಗೆ ಐದೂವರೆಗೆ ಜಗತ್ತಿನ ಗಡಿಯಾರಕ್ಕೆ ಒಂದೇ ಒಂದು ಲೀಪ್ ಸೆಕೆಂಡ್ ಸೇರಿಸಿದ್ರು. ಲಿನಕ್ಸ್‌ನ ಟೈಮರ್ ಭಾಗಕ್ಕೆ ಆ ಸುದ್ದಿ ಮುಟ್ಟಲಿಲ್ಲ. ಸರ್ವರುಗಳು ಕೆಲಸವಿಲ್ಲದೆ ಗಿರಗಿರ ಸುತ್ತಿದವು, ರೆಡಿಟ್ ನಿಂತುಹೋಯ್ತು. ಕೈಯಾರೆ ದಿನಾಂಕ ಮತ್ತೆ ಸೆಟ್ ಮಾಡಿದ್ರೆ ಸರಿಹೋಗ್ತಿತ್ತು!

ಆದ್ರೆ ಹೊಸ ಕರ್ನಲ್ ಹಾಕದ ಹಳೇ 32 ಬಿಟ್ ಪೆಟ್ಟಿಗೆಗಳಿಗೆ ಈ ಯಾವ ದುರಸ್ತಿಯೂ ತಲುಪಲ್ಲ. ನಿಮ್ಮ ಲ್ಯಾಬಲ್ಲಿ ಅಂಥದ್ದೊಂದು ಮೂಲೇಲಿ ಇದ್ರೆ, ಸರ್ ಹತ್ರ ಕೇಳಿಕೊಂಡು ದಿನಾಂಕ 2038ಕ್ಕೆ ಇಟ್ಟು ನೋಡಿ. ಏನಾಯ್ತು ಅಂತ ಕಾಮೆಂಟಲ್ಲಿ ಹೇಳಿ 👇