ಹಪ್ಪಳದ ಡಬ್ಬಿ, ರೀಲ್ ನಂಬರ್ 9

ಭಾಗ 1/4

ಫೋಟೋದಲ್ಲಿರೋದು ನಮ್ಮಜ್ಜಿ ಹಪ್ಪಳ ಇಡೋ ಡಬ್ಬಿ. ಅಗಲ, ಚಪ್ಪಟೆ, ಹಪ್ಪಳದ ಅಳತೆ ಕೊಟ್ಟೇ ಮಾಡಿಸಿದ ಹಾಗಿದೆ. ಮುಚ್ಚಳದ ಮೇಲೆ ಮಾಸಿದ ಬಿಳಿ ಪೇಂಟ್‌ನಲ್ಲಿ 9 ಅಂತ ಬರೆದಿದೆ. ಈ ಸಲ ರಜೆಗೆ ಹೋದಾಗ ಕೇಳಿದೆ, ಇದೇನಜ್ಜಿ ಒಂಬತ್ತು ಅಂತ. "ನಿಮ್ಮ ತಾತನ ಸಿನಿಮಾ ಡಬ್ಬಿ ಕಣೇ" ಅಂದ್ರು. ಇಪ್ಪತ್ತು ವರ್ಷದಿಂದ ಆ ಡಬ್ಬಿಯ ಹಪ್ಪಳ ತಿಂತಿದೀನಿ, ಗೊತ್ತೇ ಇರ್ಲಿಲ್ಲ.

ತಾತ 60ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ತುಮಕೂರು ಕಡೆ ಒಂದು ಟೂರಿಂಗ್ ಟಾಕೀಸ್‌ನಲ್ಲಿ ಆಪರೇಟರ್ ಆಗಿದ್ರು. ಟೆಂಟ್ ಸಿನಿಮಾ. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ಲೌಡ್ ಸ್ಪೀಕರ್‌ನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಶುರುವಾಯ್ತು ಅಂದ್ರೆ ಊರವರು ಊಟ ಅರ್ಧಕ್ಕೆ ಬಿಟ್ಟು ಏಳ್ತಿದ್ರಂತೆ. ಒಂದೇ ಪ್ರೊಜೆಕ್ಟರ್, ಹಾಗಾಗಿ ರೀಲ್ ಬದಲಾಯಿಸೋಕೆ ನಡುನಡುವೆ ಲೈಟ್ ಹಾಕಬೇಕು. ಕಡ್ಲೆಕಾಯಿ ಮಾರೋನಿಗೆ ಅದೇ ಸುಗ್ಗಿ.

ಈ ಆ್ಯಪ್‌ನಲ್ಲಿ ರೀಲ್ ಅಂದ್ರೆ ಮೂವತ್ತು ಸೆಕೆಂಡ್. ತಾತನ ರೀಲ್ ಅಂದ್ರೆ 1000 ಅಡಿ, ಹನ್ನೊಂದು ನಿಮಿಷ. ಲೆಕ್ಕ ಹಾಕಿ ನೋಡಿದೆ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ, ಒಂದು ಅಡಿಗೆ 16 ಫ್ರೇಮ್. ಅಂದ್ರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆ ಸಿನಿಮಾಗೆ 13,500 ಅಡಿ, ಬಿಚ್ಚಿ ಹಾಸಿದ್ರೆ ನಾಲ್ಕು ಕಿಲೋಮೀಟರ್ ದಾಟುತ್ತೆ. ಹದಿನಾಲ್ಕು ಹದಿನೈದು ಡಬ್ಬಿ, ಎಲ್ಲಾ ಸೇರಿ ಒಂದು ಪೆಟ್ಟಿಗೆ, ಒಬ್ಬ ಹೊರೋಕೆ ಒದ್ದಾಡೋವಷ್ಟು ಭಾರ. ನಮ್ಮ ಸಿನಿಮಾ ಚರಿತ್ರೆ ಅಂದ್ರೆ ನಟರು, ನಿರ್ದೇಶಕರು, ಹಾಡು ಅಂತಲೇ ಓದಿದೀವಿ. ನಾನು ಈ ಪೆಟ್ಟಿಗೆಯ ಚರಿತ್ರೆ ಬರೀತೀನಿ. ಯಾವ ಊರು ಯಾವ ಸಿನಿಮಾವನ್ನ ಯಾವಾಗ ನೋಡ್ತು, ಯಾವುದು ಉಳೀತು, ಯಾವುದು ಹೋಯ್ತು, ಬಹುಪಾಲು ತೀರ್ಮಾನ ಮಾಡಿದ್ದು ಇದೇ.

ಭಾಗ 2/4

ಪೆಟ್ಟಿಗೆ ಎಲ್ಲಿಂದ ಬರ್ತಿತ್ತು? ಬಹಳ ಕಾಲ ಮದ್ರಾಸಿನಿಂದ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ತಯಾರಾಗಿದ್ದು ಕೊಲ್ಹಾಪುರದಲ್ಲಿ, ಬೆಂಗಳೂರಲ್ಲಿ ತೆರೆ ಕಂಡಿದ್ದು 1934ರ ಮಾರ್ಚ್ 3ಕ್ಕೆ. ಆಮೇಲೆ ಸ್ಟುಡಿಯೋ, ಲ್ಯಾಬ್, ಸಾಲ ಕೊಡೋರು ಎಲ್ಲಾ ಮದ್ರಾಸ್‌ನಲ್ಲೇ. ರಾಜ್ಯದೊಳಗೆ ಚಿತ್ರ ತೆಗೆದ್ರೆ ಸಬ್ಸಿಡಿ ಅಂತ ಸರ್ಕಾರ 60ರ ದಶಕದಲ್ಲಿ ಶುರು ಮಾಡ್ತು, ಕಂಠೀರವ ಸ್ಟುಡಿಯೋ ಬಂತು, ಶೂಟಿಂಗ್ ನಿಧಾನಕ್ಕೆ ಈ ಕಡೆ ಬಂತು. ಪ್ರಿಂಟ್ ಹಾಕೋ ಕೆಲಸ ಮಾತ್ರ ಆಮೇಲೂ ಎಷ್ಟೋ ವರ್ಷ ಅಲ್ಲೇ ಉಳೀತು.

ರೈಲಲ್ಲಿ ಬಂದ ಪೆಟ್ಟಿಗೆ ಸಿಟಿ ಸ್ಟೇಷನ್‌ನಲ್ಲಿ ಇಳಿಯುತ್ತೆ, ಎದುರಿಗೇ ಮೆಜೆಸ್ಟಿಕ್ ಬಸ್ ನಿಲ್ದಾಣ, ಪಕ್ಕದಲ್ಲಿ ಗಾಂಧಿನಗರ. ಡಿಸ್ಟ್ರಿಬ್ಯೂಟರ್ ಆಫೀಸುಗಳೆಲ್ಲ ಅಲ್ಲೇ ಯಾಕೆ ಗುಂಪಾದ್ವು ಅಂತ ಯಾರನ್ನೂ ಕೇಳಬೇಕಿಲ್ಲ, ನಕ್ಷೆ ನೋಡಿದ್ರೆ ಸಾಕು. ಸಂಜೆ ಬಸ್ಸಿನ ಟಾಪ್ ಮೇಲೆ ಹಾಕಿದ್ರೆ ಬೆಳಗ್ಗೆ ಊರಲ್ಲಿ ಪೆಟ್ಟಿಗೆ.

ಪೆಟ್ಟಿಗೆ ಹೋಗೋ ದಾರಿಗೂ ಒಂದು ನಕ್ಷೆ ಇದೆ. ಬಿಕೆಟಿ ಅಂದ್ರೆ ಬೆಂಗಳೂರು, ಕೋಲಾರ, ತುಮಕೂರು. ಮೈಸೂರು, ಮಂಡ್ಯ, ಹಾಸನದ ಕಡೆಯದು ಎಂಎಂಸಿಎಚ್. ಆಮೇಲೆ ಬಾಂಬೆ ಕರ್ನಾಟಕ, ಹೈದರಾಬಾದ್ ಕರ್ನಾಟಕ. 1956ರಲ್ಲಿ ರಾಜ್ಯ ಒಂದಾಯ್ತು, 1973ರಲ್ಲಿ ಹೆಸರೂ ಕರ್ನಾಟಕ ಆಯ್ತು, ಗಾಂಧಿನಗರದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹಳೇ ಗಡಿಗಳು ಹಾಗೇ ಉಳಿದ್ವು. ಒಂದೇ ಸಿನಿಮಾದ ಹಕ್ಕು ಬೇರೆ ಬೇರೆ ಏರಿಯಾಗೆ ಬೇರೆ ಬೇರೆ ರೇಟಿಗೆ, ಬೇರೆ ಬೇರೆ ಜನಕ್ಕೆ.

ಪ್ರಿಂಟ್ ದುಬಾರಿ, ಹಾಗಾಗಿ ಕಡಿಮೆ. ಮೊದಲು ದೊಡ್ಡ ಊರಿನ ಎ ಸೆಂಟರ್, ಅಲ್ಲಿ ಓಡಿ ಸುಸ್ತಾದ ಮೇಲೆ ಬಿ, ಆಮೇಲೆ ಸಿ, ಕಟ್ಟಕಡೆಗೆ ನಮ್ಮ ತಾತನ ಟೆಂಟ್. ಅಲ್ಲಿಗೆ ಬರೋ ಹೊತ್ತಿಗೆ ಫಿಲ್ಮ್ ಮೇಲೆ ಉದ್ದುದ್ದ ಗೀರು. ಪರದೆ ಮೇಲೆ ಸದಾ ಮಳೆ. ಬೇಸಿಗೆಯ ಸೀನ್‌ನಲ್ಲೂ ಮಳೆ ಅಂತ ಅಮ್ಮ ನಗ್ತಾರೆ. ಹಾಡಿನ ರೀಲ್‌ನಲ್ಲಿ ತುಂಡಾದ ಕಡೆ ಅಂಟಿಸಿ ಅಂಟಿಸಿ ಪಲ್ಲವಿಯಿಂದ ಸೀದಾ ಎರಡನೇ ಚರಣಕ್ಕೆ ಹಾರ್ತಿತ್ತಂತೆ. ಅಮ್ಮ ಆ ಹಾಡುಗಳನ್ನ ಪೂರ್ತಿ ಕೇಳಿದ್ದು ಮದುವೆ ಆದ್ಮೇಲೆ, ಕ್ಯಾಸೆಟ್‌ನಲ್ಲಿ.

ಇನ್ನೊಂದು ಕಡೆ ನೋಡಿ. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡ್ತು. ಅಣ್ಣಾವ್ರ ಮೇಲಿನ ಪ್ರೀತಿ ಒಂದು ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪೆಟ್ಟಿಗೆಗಳು ಎಣಿಸಿದಷ್ಟೇ ಇದ್ದ ಕಾಲ ಅದು ಅನ್ನೋದನ್ನೂ ಸೇರಿಸಿಕೊಳ್ಳಬೇಕು. ಜನ ಪೆಟ್ಟಿಗೆ ಇದ್ದ ಕಡೆ ಬರ್ತಿದ್ರು.

ಭಾಗ 3/4

ಈ ಭಾಗ ಬಿಕಾಂ ಮಕ್ಕಳಿಗೆ. ಬೇರೆಯವರೂ ಓದಿ, ಪರೀಕ್ಷೆ ಇಲ್ಲ.

ಕನ್ಸೈನ್‌ಮೆಂಟ್ ಅಕೌಂಟ್ಸ್ ನೆನಪಿದೆಯಾ? ಮಾಲು ನಂದು, ಮಾರೋನು ನೀನು, ನಿನಗೆ ಕಮಿಷನ್, ನಷ್ಟ ಆದ್ರೆ ನಂದು. ಕ್ಲಾಸಲ್ಲಿ ಅದು ಬರೀ ಸೈಕಲ್, ರೇಡಿಯೋ, ಎಣ್ಣೆ ಡಬ್ಬದ ಲೆಕ್ಕ. ಸಿನಿಮಾದಲ್ಲಿ ಕಮಿಷನ್ ಮೇಲೆ ಹಂಚೋದು ಪಕ್ಕಾ ಇದೇ. ಇನ್ನೊಂದು ಔಟ್‌ರೈಟ್: ಇಷ್ಟು ವರ್ಷಕ್ಕೆ ಈ ಏರಿಯಾ ನಂಗೆ ಬಿಡು ಅಂತ ಒಂದೇ ಸಲ ದುಡ್ಡು ಕೊಟ್ಟುಬಿಡೋದು. ನಡುವೆ ಎಂಜಿ, ಮಿನಿಮಮ್ ಗ್ಯಾರಂಟಿ. ಸಿನಿಮಾ ಓಡ್ಲಿ ಬಿಡ್ಲಿ ಇಷ್ಟು ಕೊಟ್ಟೇ ಕೊಡ್ತೀನಿ ಅಂತ ಡಿಸ್ಟ್ರಿಬ್ಯೂಟರ್ ನಿರ್ಮಾಪಕನಿಗೆ ಮಾತು ಕೊಡ್ತಾನೆ. ಓಡಿದ್ರೆ ಅವನ ದುಡ್ಡು ವಾಪಸ್ ಬಂದ್ಮೇಲೆ ಉಳಿದಿದ್ದು ಹಂಚಿಕೆ. ಓಡದಿದ್ರೆ ಅವನ ಹೆಂಡತಿಯ ಒಡವೆ ಅಡವು.

ಈ ಎಂಜಿ ಸಿನಿಮಾದ ಕಥೆಯನ್ನೇ ಬದಲಾಯಿಸ್ತು ಅಂತ ನನ್ನ ವಾದ. ದುಡ್ಡು ಬರ್ತಿದ್ದಿದ್ದು ಸಿನಿಮಾ ಮುಗಿಯೋಕೆ ಮುಂಚೆ, ಎಷ್ಟೋ ಸಲ ಶುರುವಾಗೋಕೆ ಮುಂಚೆ. ಇನ್ನೂ ಹುಟ್ಟದ ಸಿನಿಮಾಗೆ ಏನು ನೋಡಿ ದುಡ್ಡು ಕೊಡ್ತಾರೆ? ನಾಯಕನ ಹೆಸರು. ಎಷ್ಟು ಹಾಡು, ಎಷ್ಟು ಫೈಟ್. ಹಾಗಾಗಿ ಫಾರ್ಮುಲಾ ಅಂತ ನಾವು ಬೈಯೋದು ಬರೀ ನಿರ್ದೇಶಕರ ಸೋಮಾರಿತನ ಅಲ್ಲ, ಅದೊಂಥರಾ ಸಾಲದ ಶ್ಯೂರಿಟಿ. 2013ರ 'ಲೂಸಿಯಾ' ಈ ಬಾಗಿಲನ್ನ ತಪ್ಪಿಸಿಕೊಂಡು ಹೋಗಿದ್ದಕ್ಕೇ ಅಷ್ಟು ಸದ್ದಾಗಿದ್ದು. ಪವನ್ ಕುಮಾರ್ ಮುಂಗಡವನ್ನ ಗಾಂಧಿನಗರದ ಬದಲು ಪ್ರೇಕ್ಷಕರ ಹತ್ರಾನೇ ಕೇಳಿದ್ರು, ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು ಅರ್ಧ ಕೋಟಿ ಹಾಕಿದ್ರು.

ಪೆಟ್ಟಿಗೆ ಜೊತೆ ಒಬ್ಬ ಮನುಷ್ಯನೂ ಬರ್ತಿದ್ದ. ರೆಪ್ರೆಸೆಂಟೇಟಿವ್, ಊರವರ ಬಾಯಲ್ಲಿ ರೆಪ್. ಡಿಸ್ಟ್ರಿಬ್ಯೂಟರ್ ಕಡೆಯಿಂದ ಬಂದು ಟೆಂಟ್ ಬಾಗಿಲಲ್ಲಿ ನಿಂತು ತಲೆ ಎಣಿಸೋನು, ಟಿಕೆಟ್ ಬುಕ್ಕಿನ ನಂಬರ್ ಬರ್ಕೊಳ್ಳೋನು, ದಿನದ ಕಲೆಕ್ಷನ್ ರಿಪೋರ್ಟ್ ಕಳಿಸೋನು. ಆಡಿಟಿಂಗ್ ಪೇಪರ್‌ನಲ್ಲಿ ಫಿಸಿಕಲ್ ವೆರಿಫಿಕೇಷನ್ ಅಂತ ಬರುತ್ತಲ್ಲ, ಅದು ಈ ಮನುಷ್ಯ. ಮಲಗ್ತಿದ್ದಿದ್ದು ಪೆಟ್ಟಿಗೆ ಪಕ್ಕದಲ್ಲೇ. ಊಟ ನಮ್ಮಜ್ಜಿ ಮನೇಲಿ. ಮುದ್ದೆ, ಹುರಳಿ ಸಾರು ಹಾಕಿದ ದಿನ ಒಂದಿಪ್ಪತ್ತು ತಲೆ ಎಣಿಸೋದು ಮರೀತಿದ್ದ ಅಂತ ಅಜ್ಜಿ ಹೇಳ್ತಾರೆ. ನಾನು ಕೇಳಿಸ್ಕೊಂಡಿಲ್ಲ, ನೀವೂ ಓದಿಲ್ಲ.

ಭಾಗ 4/4

ಪುಸ್ತಕದಲ್ಲಿ ಪ್ರಿಂಟ್ ಅಂದ್ರೆ ಸವೆಯೋ ಆಸ್ತಿ. ಪ್ರತಿ ಷೋಗೂ ಒಂಚೂರು ಡಿಪ್ರಿಸಿಯೇಷನ್. ಎಲ್ಲಾ ಸೆಂಟರ್ ಮುಗೀತು, ಪ್ರೊಜೆಕ್ಟರ್ ಹಲ್ಲಿಗೆ ಸಿಗದಷ್ಟು ಅಂಚು ಹರೀತು ಅಂದ್ರೆ ಉಳಿಯೋದು ಗುಜರಿ ಬೆಲೆ. ಫಿಲ್ಮ್‌ನಲ್ಲಿ ಬೆಳ್ಳಿ ಇರುತ್ತೆ, ಕಪ್ಪು ಬಿಳುಪಿನಲ್ಲಂತೂ ಚಿತ್ರ ಅಂದ್ರೇನೇ ಬೆಳ್ಳಿ. ನಮ್ಮ ದೇಶದಲ್ಲಿ ಹಳೇ ಪ್ರಿಂಟ್‌ಗಳನ್ನ ಆ ಬೆಳ್ಳಿಗೋಸ್ಕರ ತೂಕಕ್ಕೆ ಮಾರಿದ್ದಾರೆ. ಯಾರನ್ನೂ ಬೈಯೋಕಾಗಲ್ಲ. ಎಂಜಿ ಕಳ್ಕೊಂಡು ಕೂತ ಮನುಷ್ಯನಿಗೆ ಆ ಬೆಳ್ಳಿಯಾದ್ರೂ ಸಿಗ್ಲಿ ಅನ್ಸಿರುತ್ತೆ. 'ಸತಿ ಸುಲೋಚನ' ಇವತ್ತು ನೋಡೋಕೆ ಸಿಗಲ್ಲ. ನಮ್ಮ ಭಾಷೆ ಪರದೆ ಮೇಲೆ ಮೊದಲ ಸಲ ಮಾತಾಡಿದ್ದು ಹೇಗೆ ಕೇಳಿಸ್ತಿತ್ತು ಅಂತ ನಾನಾಗಲಿ ನೀವಾಗಲಿ ಕೇಳೋ ಹಾಗಿಲ್ಲ.

ಪೆಟ್ಟಿಗೆಯ ಕಾಲ ಮುಗಿದಿದ್ದು ತೀರಾ ಇತ್ತೀಚೆಗೆ. 2000ದ ದಶಕದಲ್ಲೂ ಒಂದು ಪ್ರಿಂಟ್‌ಗೆ ಅರ್ಧ ಲಕ್ಷದ ಆಸುಪಾಸು. ಒಂದೇ ದಿನ ಸಾವಿರ ಪರದೆಯಲ್ಲಿ ಬಿಡಬೇಕು ಅಂದ್ರೆ ಪ್ರಿಂಟ್‌ಗೇ ಐದು ಕೋಟಿ. ಸ್ಯಾಟಲೈಟ್, ಹಾರ್ಡ್ ಡಿಸ್ಕ್ ಬಂದ್ಮೇಲೆ ಆ ಖರ್ಚು ಬಿದ್ದುಹೋಯ್ತು. 2018ರ ಡಿಸೆಂಬರ್‌ನಲ್ಲಿ 'ಕೆಜಿಎಫ್' ಐದು ಭಾಷೆಯಲ್ಲಿ ಬಂತಲ್ಲ, ರೀಲ್ ಪೆಟ್ಟಿಗೆ ಇದ್ದಿದ್ರೆ ಆ ಧೈರ್ಯ ಬರೋದು ಕಷ್ಟ ಇತ್ತು. ನಮ್ಮೂರಲ್ಲೂ ಈಗ ಮೊದಲ ದಿನವೇ ಸಿನಿಮಾ, ಮಳೆ ಇಲ್ಲದ ಸಿನಿಮಾ. ಇದು ಸಣ್ಣ ಮಾತಲ್ಲ. ನಮ್ಮಮ್ಮನಿಗೆ ಸಿಗದ ಚರಣ ನಂಗೆ ಸಿಗುತ್ತೆ.

ಆದ್ರೆ ಕೊರತೆ ಜಾಗ ಬದಲಾಯಿಸಿದೆ ಅಷ್ಟೇ. ಆಗ ಪ್ರಿಂಟ್ ಕಡಿಮೆ, ಈಗ ಷೋ ಕಡಿಮೆ. ಒಂದೇ ಶುಕ್ರವಾರ ನಾಲ್ಕೈದು ಕನ್ನಡ ಸಿನಿಮಾ, ಜೊತೆಗೆ ಪಕ್ಕದ ರಾಜ್ಯದ್ದೊಂದು ದೊಡ್ಡದು. ಹೊಸಬರ ಚಿತ್ರಕ್ಕೆ ಬೆಳಗ್ಗೆ ಹತ್ತರ ಷೋ, ಸೋಮವಾರಕ್ಕೆ ಅದೂ ಇಲ್ಲ. ಮೆಜೆಸ್ಟಿಕ್‌ನ ದೊಡ್ಡ ದೊಡ್ಡ ಚಿತ್ರಮಂದಿರಗಳು ಒಂದೊಂದಾಗಿ ಹೋದ್ವು, ಕಪಾಲಿ 2017ರಲ್ಲಿ. ಬಾಯಿಂದ ಬಾಯಿಗೆ ಹರಡಿ ಮೂರನೇ ವಾರಕ್ಕೆ ತುಂಬೋ ಸಿನಿಮಾಗೆ ಆ ಮೂರನೇ ವಾರವೇ ಸಿಗ್ತಿಲ್ಲ. ಇನ್ನು ರೆಪ್ ಕೆಲಸ ಈಗ ಒಂದು ಡಿಜಿಟಲ್ ಕೀ ಮಾಡುತ್ತೆ. ಯಾವ ಪ್ರೊಜೆಕ್ಟರ್, ಯಾವ ದಿನದಿಂದ ಯಾವ ದಿನ ಅಂತ ಅದರಲ್ಲೇ ಇರುತ್ತೆ. ಅದಕ್ಕೆ ಮುದ್ದೆ ಹಾಕಿದ್ರೂ ಬಗ್ಗಲ್ಲ.

ಮತ್ತೆ ಡಬ್ಬಿಗೆ ಬರ್ತೀನಿ. ಟೆಂಟ್ ಮುಚ್ಚಿದಾಗ ತಾತನ ಎರಡು ತಿಂಗಳ ಸಂಬಳ ಬಾಕಿ ಇತ್ತಂತೆ. ಅದು ಬರಲೇ ಇಲ್ಲ, ಈ ನಗ್ಗಿದ ಡಬ್ಬಿ ಬಂತು, ಖಾಲಿ. ಸಿನಿಮಾದ ಹೆಸರು ಬರೆದ ಚೀಟಿಯನ್ನ ಅಜ್ಜಿ ಅವತ್ತೇ ಬೂದಿ ಹಾಕಿ ಉಜ್ಜಿ ತೆಗೆದ್ರು, ಹಪ್ಪಳಕ್ಕೆ ಗೋಂದು ಅಂಟುತ್ತೆ ಅಂತ. ಯಾವ ಸಿನಿಮಾ ಅಜ್ಜಿ ಅಂದ್ರೆ, "ಒಂಬತ್ತನೇ ರೀಲು ಅಂದ್ರೆ ಇಂಟರ್ವಲ್ ಆದ್ಮೇಲಿಂದು, ಅಳೋ ಭಾಗ" ಅಂತಾರೆ. ಅಷ್ಟೇ ಗೊತ್ತು.

ನಿಮ್ಮ ಮನೆ ಅಟ್ಟದಲ್ಲಿ ಇಂಥ ಡಬ್ಬಿ ಇದ್ರೆ, ಚೀಟಿ ಉಜ್ಜೋಕೆ ಮುಂಚೆ ಒಂದು ಫೋಟೋ ಕಳಿಸಿ.

#ಕನ್ನಡಸಿನಿಮಾ #ಟೂರಿಂಗ್‌ಟಾಕೀಸ್ #ಗಾಂಧಿನಗರ #ಪೆಟ್ಟಿಗೆಕಥೆ